ಡಾಕ್ಟರಮ್ಮ ಕೇಳುತ್ತಿದ್ದ ಪ್ರಶ್ನೆಗಳು

ಪದ್ಮಾಕ್ಷಮ್ಮನವರು ಎಂಥ ಪ್ರಶ್ನೆಯನ್ನಾದರೂ ‘ಊಟ ಆಯ್ತಾ’ ಎನ್ನುವ ದನಿಯಲ್ಲೇ ಕೇಳುತ್ತಿದ್ದರು. ಅರವತ್ತರ ದಶಕದಲ್ಲಿ ನಾನು ಕೊಳ್ಳೇಗಾಲದ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಸೇರಿದಾಗ ಅವರು ಅಲ್ಲಿ ಡಾಕ್ಟರು. ಯಳಂದೂರಿನವರು, ಮೈಸೂರಿನಲ್ಲಿ ಓದಿ ಬಂದಿದ್ದರೂ ಊರ ಮಾತು ಬಿಟ್ಟಿರಲಿಲ್ಲ. ಹೆಂಗಸರ ಬಿಳಿಸೆರಗು, ಗಂಡಸರ ಉರಿಮೂತ್ರ, ಏನನ್ನು ಕೇಳುವಾಗಲೂ ಕತ್ತು ಮುಂದೆ ಚಾಚಿ, ಕನ್ನಡಕ ಹಣೆಗೇರಿಸಿ ಉತ್ತರಕ್ಕೆ ಕಾಯುವರು. ನಾನು ನಾಚಿ ಕಿಟಕಿಯತ್ತ ತಿರುಗಿದರೆ, “ಮೈ ಎಲ್ಲಾನೂ ಯೋಳ್ತದೆ ರಾಜಮ್ಮ, ಕೇಳೋರು ಬೇಕಷ್ಟೆ” ಎನ್ನುವರು.

ಹನೂರಿನ ರೇಷ್ಮೆಗೂಡಿನ ವ್ಯಾಪಾರಿ ನಂಜಪ್ಪ ಬಂದದ್ದು ತುಟಿಯ ಮೇಲೊಂದು ಹುಣ್ಣು ಇಟ್ಟುಕೊಂಡು. ಎಲೆಅಡಿಕೆಯ ಸುಣ್ಣ ಸುಟ್ಟಿದೆ ಎಂದ. ಡಾಕ್ಟರಮ್ಮ ಕೈಗವಸು ಹಾಕಿ ಹುಣ್ಣಿನ ಅಂಚು ಒತ್ತಿದರು.

“ನೋಯ್ತದಾ?”

“ಇಲ್ಲ ಕಣವ್ವ.”

“ಸುಣ್ಣ ಸುಟ್ರೆ ನೋಯ್ದೆ ಇದ್ದದಾ?”

ಅವರ ಕಣ್ಣು ಅರಳಿತು. ಒಂದೊಂದಾಗಿ ಕೇಳುತ್ತ ಹೋದರು. ವ್ಯಾಪಾರಕ್ಕೆಂದು ತಮಿಳುನಾಡಿನ ಕಡೆ ಹೋದಾಗ ಒಬ್ಬ ಹೆಂಗಸಿನ ಹತ್ತಿರ ಹೋಗಿದ್ದನಂತೆ. ಕೂಡಿರಲಿಲ್ಲ, ಬರೀ ಬಾಯಿ ಹಚ್ಚಿದ್ದು; ಅಷ್ಟಕ್ಕೆಲ್ಲ ರೋಗ ಬರುವುದಿಲ್ಲ ಎಂದು ಜೊತೆಗಾರರು ಹೇಳಿದ್ದರಂತೆ. ಡಾಕ್ಟರಮ್ಮ ಬೈಯಲಿಲ್ಲ. ಪರಂಗಿ ಹುಣ್ಣಿಗೆ, ಅಂದರೆ ಸಿಫಿಲಿಸ್ ರೋಗಕ್ಕೆ, ಒದ್ದೆ ಚರ್ಮ ಸಿಕ್ಕರೆ ಸಾಕು, ಬಾಯಾದರೇನು ಬೇರೆಯಾದರೇನು ಎಂದು ತಿಳಿಸಿ ರಕ್ತ ತೆಗೆಸಿ ಮೈಸೂರಿಗೆ ಕಳಿಸಿದರು.

ರಕ್ತದಲ್ಲಿ ಏನೂ ಇಲ್ಲವೆಂದು ಬಂತು. ಅಷ್ಟರಲ್ಲಿ ಹುಣ್ಣೂ ಮಾಯುತ್ತಿತ್ತು. ಶುರುವಿನಲ್ಲಿ ಪರೀಕ್ಷೆಗೆ ಸಿಗದೆ ಹೋಗಬಹುದು, ಹುಣ್ಣು ಮಾಯ್ದರೂ ರೋಗ ಒಳಗೇ ಇರುತ್ತದೆ, ಸೂಜಿ ಹಾಕಿಸಿಕೋ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಆತ ನಗುತ್ತ ಹೊರಟುಹೋದ.

ತಿರುಗಿ ಬಂದಾಗ ಅಂಗೈ ತುಂಬ ತುರಿಕೆಯಿಲ್ಲದ ಕೆಂಪು ಗಂದೆ. ಈ ಸಲ ರಕ್ತ ಸುಳ್ಳಾಡಲಿಲ್ಲ. ಡಾಕ್ಟರಮ್ಮ ಪೆನಿಸಿಲಿನ್ ಕೊಟ್ಟು, ಹೆಂಡತಿ ಗೌರಮ್ಮನನ್ನೂ ಕರೆತರಲು ಹೇಳಿದರು. ಆಕೆ ಆರು ತಿಂಗಳ ಬಸುರಿ. ರಕ್ತ ಕಮ್ಮಿಯಾಗಿದೆ ಅಂತೇನಾದರೂ ಹೇಳಿ ಸೂಜಿ ಹಾಕಿಬಿಡಿ ಎಂದು ನಂಜಪ್ಪ ಕೈಮುಗಿದ.

“ಸುಳ್ಳೇಳಿ ಸೂಜಿ ಆಕಾಕಿಲ್ಲ ಕಣಪ್ಪ. ನೀನೇ ಯೋಳು. ನಾನು ಜೊತೇಲಿ ಕೂತಿರ್ತೀನಿ.”

ಹೇಳಿದ. ಗೌರಮ್ಮ ಗಂಡನ ಮುಖ ನೋಡಲಿಲ್ಲ. ಡಾಕ್ಟರಮ್ಮನ ಕಡೆ ತಿರುಗಿ, “ಮಗೀಗೆ?” ಎಂದಳು.

“ಅದ್ಕೇ ಕರ್ಸಿದ್ದು. ಬುಟ್ರೆ ಮಗು ಒಟ್ಟೇಲೇ ಸಾಯ್ಬೌದು. ಈಗ ಔಸ್ದಿ ತಕಂಡ್ರೆ ಅದು ಮಗೀಗೂ ಮುಟ್ತದೆ.”

ಅವಳು ಸೆರಗು ಸರಿಸಿ ತೋಳು ಚಾಚಿದಳು. ಅವಳ ರಕ್ತದಲ್ಲೂ ರೋಗವಿತ್ತು. ಚಿಕಿತ್ಸೆ ಮುಗಿಸಿಕೊಂಡು ತವರಿಗೆ ಹೋದವಳು ಹೆರಿಗೆಗೆ ನಮ್ಮಲ್ಲಿಗೇ ಬಂದಳು. ಹೆಣ್ಣು ಮಗು. ಡಾಕ್ಟರಮ್ಮ ಅದರ ಅಂಗಾಲು, ಅಂಗೈ, ಮೂಗು, ಬಾಯಿ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿದರು. ಮಗು ಕಿರುಚಿ ಅತ್ತಿತು. “ಚೆಂದಾಗದೆ” ಎಂದರು. ನಂಜಪ್ಪ ಬಾಗಿಲಾಚೆ ನಿಂತಿದ್ದ. ಒಳಗೆ ಬಾ ಎಂದು ಗೌರಮ್ಮ ಕರೆಯಲಿಲ್ಲ. ಮೂರನೆಯ ದಿನ ಕರೆದಳು.

ಡಾಕ್ಟರಮ್ಮನಿಗೆ ದೂರದೂರಿಗೆ ವರ್ಗವಾದಾಗ ನಾನು ಬಸ್ಸಿನ ತನಕ ಹೋಗಿದ್ದೆ. ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಅಲ್ಲಿ ಕೇಳಿಬಿಟ್ಟೆ: ಗಂಡಸರ ಹತ್ತಿರ ಇಂಥದ್ದನ್ನೆಲ್ಲ ಕೇಳುವ ಧೈರ್ಯ ನಿಮಗೆ ಹೇಗೆ ಬಂತು?

ಅವರು ಸೀಟಿನಲ್ಲಿ ಕೂತು, ಟ್ರಂಕನ್ನು ಕಾಲ ಹತ್ತಿರ ಎಳೆದುಕೊಂಡರು.

“ನಮ್ಮಕ್ಕಂಗೆ ಮೂರು ಮಕ್ಳು ಸತ್ತೇ ಉಟ್ಟುದ್ವು ರಾಜಮ್ಮ. ದೇವ್ರು, ದಿಂಡ್ರು, ದಿಷ್ಟಿ ಅಂತ ಎಲ್ಲಾರೂ ಅವಳ್ನೇ ಕೇಳುದ್ರು. ನಮ್ ಬಾವನ್ನ ಯಾರೂ ಒಂದು ಮಾತೂ ಕೇಳ್ನಿಲ್ಲ.”

ಕಂಡಕ್ಟರ್ ಸೀಟಿ ಊದಿದ. ಆಮೇಲೆ ನಾನು ಅವರನ್ನು ಕಾಣಲಿಲ್ಲ.