ಶುಂಠಿ ಬಿಸ್ಕತ್ತಿನ ಡಬ್ಬಿಯ ಮುತ್ತಜ್ಜಿ

ಸಾರಿನ ಪುಡಿ ತುಂಬಿಡಲು ಮೊನ್ನೆ ಹಳೆಯ ತಗಡಿನ ಡಬ್ಬಿಯೊಂದನ್ನು ತೆರೆದೆ. ತೊಳೆದಿಟ್ಟಿದ್ದರೂ ಶುಂಠಿ ಬಿಸ್ಕತ್ತಿನ ವಾಸನೆ ಹೋಗಿಲ್ಲ. ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿಯ ಡಬ್ಬಿ ಅದು...

ಅಜ್ಜಿ ಹುಟ್ಟಿ ಬೆಳೆದದ್ದು ಬರ್ಮಿಂಗ್‌ಹ್ಯಾಮಿನಲ್ಲೇ. ತಾಯಿಯ ಕಡೆಯವರು ಸ್ಕಾಟ್ಲೆಂಡಿನವರು. ಗಂಡ ಸತ್ತ ಮೇಲೆ ಅಜ್ಜಿಯ ಮುತ್ತಜ್ಜಿ ಪುಟ್ಟ ಮಗಳನ್ನು ಬಿಟ್ಟು ಓಡಿಹೋದಳೆಂದು ಮನೆಮಂದಿಯೆಲ್ಲ ಹೇಳುತ್ತ ಬಂದಿದ್ದರು. ಅಜ್ಜಿ ಮಾತ್ರ ಒಪ್ಪಲಿಲ್ಲ. ಮದುವೆಯ ದಾಖಲೆ, ಜನಗಣತಿಯ ಹಾಳೆಗಳ ಪ್ರತಿ ತರಿಸಿ ಈ ಡಬ್ಬಿಯಲ್ಲಿಟ್ಟುಕೊಂಡಿದ್ದರು. ಕಾನ್ವೆಂಟಿನಲ್ಲಿ ಕರ್ಸಿವ್ ತಿದ್ದಿದ ನನ್ನನ್ನು ಆ ಹಳೆಯ ಕೈಬರಹ ಓದಲು ಕರೆಯುತ್ತಿದ್ದರು.

"ಓಡಿಹೋಗಿದ್ದನ್ನ ನೋಡಿದವರು ಯಾರೂ ಇಲ್ಲ, ಬ್ಯಾಬ್. ನಾನು ಹುಡುಕೇ ಹುಡುಕ್ತೀನಿ."

ಈ ಊರಿನ ಹಳಬರಿಗೆ ಅಕ್ಕರೆಯವರೆಲ್ಲ 'ಬ್ಯಾಬ್'.

ಜನಗಣತಿಯ ಹಾಳೆಯಲ್ಲಿ ಆ ಮಗುವಿನ ಹೆಸರು ಮೊದಲೇ ಸಿಕ್ಕಿತ್ತು, ನೇಕಾರನೊಬ್ಬನ ಮನೆಯ ಬಾಡಿಗೆದಾರರ ಸಾಲಿನಲ್ಲಿ. ತಾಯಿ ಮಾತ್ರ ಗಂಡನ ಮನೆತನದ ಹೆಸರಿನಡಿ ಎಲ್ಲೂ ಇಲ್ಲ. ಗಂಟುಕಟ್ಟಿದ ಬೆರಳಲ್ಲಿ ಭೂತಗನ್ನಡಿ ಹಿಡಿದು ಅಜ್ಜಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು.

ಒಂದು ಮಧ್ಯಾಹ್ನ ಉಪ್ಪಿಟ್ಟು ಕೊಡಲು ಹೋಗಿದ್ದೆ. ಅಂದು ಬೆಳಿಗ್ಗೆ ಜಿಪಿ ಡಾಕ್ಟರ ರಿಸೆಪ್ಷನ್‌ನಲ್ಲಿ ನನ್ನ ಮನೆತನದ ಹೆಸರೂ ನಮ್ಮವರದೂ ಹೊಂದುವುದಿಲ್ಲವೆಂದು ಮತ್ತದೇ ಪ್ರಶ್ನೆ.

"ಮದುವೆ ಆಯ್ತು ಅಂತ ಹೆಸರು ಯಾಕೆ ಬಿಡ್ಬೇಕು? ನಮ್ಮಮ್ಮನೂ ಬಿಟ್ಟಿಲ್ಲ," ಎಂದು ನಗುತ್ತಿದ್ದೆ.

ಅಜ್ಜಿ ನಗಲಿಲ್ಲ. ಉಪ್ಪಿಟ್ಟನ್ನು ಸರಿಸಿ ಮದುವೆಯ ದಾಖಲೆ ಎಳೆದುಕೊಂಡರು. ಅದರಲ್ಲಿ ವಧುವಿನ ತವರಿನ ಹೆಸರಿತ್ತು. ಜನಗಣತಿಯ ಹಾಳೆಯಲ್ಲಿ, ಮಗುವಿನ ಹೆಸರಿಗೆ ಸರಿಯಾಗಿ ಮೇಲಿನ ಸಾಲಿನಲ್ಲಿ, ಅದೇ ಹೆಸರು. ವಿಧವೆ, ಗಿರಣಿ ಕೆಲಸ. ವಯಸ್ಸೂ ಹೊಂದಿತು. ಗಂಡ ಸತ್ತ ಮೇಲೆ ತವರಿನ ಹೆಸರಿಗೆ ಮರಳುವುದು ಆ ಕಾಲದ ಸ್ಕಾಟ್ಲೆಂಡಿನ ಹೆಂಗಸರಲ್ಲಿ ಇತ್ತಂತೆ. ಇಂಗ್ಲೆಂಡಿನಲ್ಲೇ ಬೆಳೆದ ಅಜ್ಜಿಗೆ ಅದು ಹೊಳೆದೇ ಇರಲಿಲ್ಲ. ಯಾರೋ ಬೇರೆ ಬಾಡಿಗೆದಾರಳೆಂದು ಆ ಸಾಲನ್ನು ದಾಟುತ್ತಲೇ ಬಂದಿದ್ದರು.

"ಇಲ್ಲೇ ಇದ್ಲು... ಮಗೂ ಜೊತೇಲೇ."

ಕಣ್ಣೊರೆಸಿಕೊಂಡು ನೇರ ತಮ್ಮನಿಗೆ ಫೋನು.

"ಕೇಳಿಸ್ಕೋ, ಅವಳು ಓಡಿಹೋಗಿರ್ಲಿಲ್ಲ. ಇನ್ನೊಂದ್ಸಲ ಹಾಗಂದ್ರೆ ಕ್ರಿಸ್ಮಸ್ಸಿಗೆ ನಿಂಗೆ ಪುಡಿಂಗ್ ಇಲ್ಲ!"

ಹೋದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಹಾಳೆಗಳನ್ನು ಅವರ ತಮ್ಮ ಒಯ್ದರು. ಖಾಲಿ ಡಬ್ಬಿ ನನಗೆ ಬಂತು. ಅಂತ್ಯಕ್ರಿಯೆಯಲ್ಲಿ ಹಂಚಿದ ಕಾರ್ಡಿನ ಮೇಲೆ, ಅಜ್ಜಿಯೇ ಹೇಳಿಟ್ಟಿದ್ದಂತೆ, ಅವರ ತವರಿನ ಹೆಸರನ್ನೂ ಅಚ್ಚು ಹಾಕಿಸಿದ್ದರು. ಇಷ್ಟು ವರ್ಷ ಒಂದೇ ಬೇಲಿಯ ಆಚೀಚೆ ಇದ್ದೂ ಆ ಹೆಸರನ್ನು ನಾನು ಓದಿದ್ದು ಅಂದೇ...

ಸಾರಿನ ಪುಡಿಗೆ ಬೇರೆ ಡಬ್ಬಿ ತೆಗೆದೆ. ಇದರೊಳಗೆ ಆ ಕಾರ್ಡನ್ನಿಟ್ಟು, ಮುಚ್ಚಳವನ್ನು ಗಟ್ಟಿಯಾಗಿ ಒತ್ತಿದೆ.