ಅಳುಮುಂಜಿಯ ಹೆಸರು

ಹೊಸದಾಗಿ ಸೇರಿಕೊಂಡ ಒಂದು ಆ್ಯಪಿನಲ್ಲಿ ನಾನು ಮೊದಲು ಹಾಕಿದ್ದು, ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಮುಂದೆ ನಮ್ಮ ಯಜಮಾನರೂ ಅವರ ಜೊತೆಗಾರರೂ ನಿಂತಿರುವ ಹಳೆಯ ಫೋಟೋ. ಧಾರವಾಡದಿಂದ ಈ ಗಣಿಯೂರಿಗೆ ಸೊಸೆಯಾಗಿ ಬಂದ ನನಗೆ ಆ ಜೊತೆಗಾರರೆಲ್ಲ ಅಡ್ಡಹೆಸರಿನಿಂದಲೇ ಪರಿಚಯ. ಅದನ್ನೇ ಬರೆದೆ. ಒಬ್ಬರ ಕೆಳಗೆ 'ಅಳುಮುಂಜಿ' ಎಂದಿತ್ತು. ನೋಡಿದವರೆಲ್ಲ ನಕ್ಕಿದ್ದರು.

ಮರುದಿನ ಮಾರಿಕುಪ್ಪಂ ರೈಲಿನಲ್ಲಿ ಎದುರು ಕೂತ ಹೆಂಗಸು ತನ್ನ ಫೋನಿನ ಆ್ಯಪಿನಲ್ಲಿದ್ದ ನನ್ನ ಚಿತ್ರವನ್ನೂ ನನ್ನನ್ನೂ ದಿಟ್ಟಿಸಿ, "ಅಜ್ಜಿ, ಆ ಗಣಿ ಫೋಟೋ ಆಕಿದ್ದು ನೀವೇನಾ? ಅಳುಮುಂಜಿ ಅಂತ ಬರ್ದಿದ್ದೀರಲ್ಲ, ಆತ ನಮ್ಮಪ್ಪ" ಅಂದಳು.

ನಾಚಿಕೆಯಿಂದ ಕುಗ್ಗಿಹೋದೆ. "ತಪ್ಪಾತವ್ವಾ, ಈಗಲೇ ತೆಗೀತೀನಿ."

"ಅಯ್ಯೋ, ತೆಗೀಬ್ಯಾಡಿ! ನಾನು ಕೈಗೂಸಾಗಿದ್ದಾಗ್ಲೇ ಓಗ್ಬಿಟ್ರು, ನಮ್ಮತ್ರ ಒಂದು ಫೋಟೋನೂ ಇಲ್ಲ. ಅಮ್ಮ ನೋಡಿ ಗುರ್ತು ಇಡಿದ್ಲು. ಎಸ್ರು ಮಾತ್ರ ಬದ್ಲಾಯ್ಸಿ. ಮುನಿಯಪ್ಪ ಅಂತ."

ನನ್ನ ಫೋನು ತೆಗೆದುಕೊಂಡು, ಬದಲಾಯಿಸುವುದು ಹೇಗೆಂದು ಅವಳೇ ತೋರಿಸಿ, 'ಕೈಗೂಸು ಮಗಳನ್ನು ಬಿಟ್ಟು ತೀರಿಹೋದವರು' ಎಂದೂ ಸೇರಿಸಿದಳು. ಆಮೇಲೆ ಬೆರಳಿನಿಂದ ಅಪ್ಪನ ಮುಖ ದೊಡ್ಡದು ಮಾಡಿ ನೋಡುತ್ತ ಕೂತಳು. ರೈಲು ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಎಲ್ಲೆಲ್ಲಿಯದೋ ಜನ 'ಮುನಿಯಪ್ಪನವರಿಗೆ ನಮಸ್ಕಾರ' ಎಂದು ಬರೆಯತೊಡಗಿದ್ದರು. ನಿನ್ನೆ ನಕ್ಕವರೂ ಅವರಲ್ಲಿದ್ದರು! ಅಂಗೈಯಗಲದ ಗಾಜಿನಲ್ಲಿ, ಎಂದೋ ತೀರಿಕೊಂಡವರಿಗೆ ಮರ್ಯಾದೆ ಮರಳಿ ಬರುತ್ತಿತ್ತು.

"ಇವ್ರ ಎಸ್ರೇನಜ್ಜಿ?" ಅವಳು ನಮ್ಮ ಯಜಮಾನರನ್ನು ತೋರಿಸಿದಳು. ಅವರ ಕೆಳಗೆ 'ನಮ್ಮವರು' ಎಂದಷ್ಟೇ ಬರೆದಿದ್ದೆ.

ಗಂಡನ ಹೆಸರನ್ನು ಹೆಂಡತಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಫೋನು ಇಸಿದುಕೊಂಡು ಒಂದೊಂದೇ ಅಕ್ಷರ ಒತ್ತಿದೆ. ಬಾಯಿ ಬಿಡಲಿಲ್ಲವಲ್ಲ, ಬೆರಳು ಹೇಳಿದ್ದು ಲೆಕ್ಕಕ್ಕಿಲ್ಲ.