ಷಡ್ಡಕನ ಕಾರಿನ ಸ್ಪೀಕರು

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಬಹಳ ಹಿಡಿತದ ಮನುಷ್ಯ ಎಂದೇ ತಿಳಿದುಕೊಂಡಿದ್ದೆ. ಪಕ್ಕದ ಮನೆಯವರು ಮೇಲೊಂದು ಅಂತಸ್ತು ಎಬ್ಬಿಸಿದಾಗ ನನಗೇನೂ ಆಗಲಿಲ್ಲ. ನಮ್ಮ ಅಂಗಳಕ್ಕೆ ಮಧ್ಯಾಹ್ನ ನೆರಳು ಬರುತ್ತದೆ ಎಂದು ಖುಷಿಪಟ್ಟೆ. ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು ನನಗಿಂತ ಮೊದಲು ಹೆಡ್ಮಾಸ್ಟರಾದಾಗ ಅವನಿಗೆ ಹಾರ ಹಾಕಿ, ಕೋಡುಬಳೆ ತಿಂದು, ಮನೆಗೆ ಬಂದು ಸೊಂಪಾಗಿ ನಿದ್ದೆ ಮಾಡಿದೆ. ಹೀಗೆ ಐವತ್ತನಾಲ್ಕು ವರ್ಷ ಖರ್ಚಾಗದೆ ಉಳಿದಿದ್ದ ಹೊಟ್ಟೆಕಿಚ್ಚೆಲ್ಲ ಒಂದೇ ಸಲಕ್ಕೆ ಹೊತ್ತಿಕೊಂಡದ್ದು ನನ್ನ ಷಡ್ಡಕನ ಕಾರಿನ ಸ್ಪೀಕರುಗಳನ್ನು ಕಂಡು. ಕಾರನ್ನು ಕಂಡು ಅಲ್ಲ, ಗಮನಿಸಿ. ಬರೀ ಸ್ಪೀಕರು.

ಷಡ್ಡಕ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಯಾರೋ ಯಾರನ್ನೋ ಭುಜದಲ್ಲಿ ತಳ್ಳಿದ ಹಾಗೆ ಕೇಳುತ್ತದೆ. ಹೆಂಡತಿಯ ತಂಗಿಯ ಗಂಡ; ರಕ್ತಸಂಬಂಧವೂ ಅಲ್ಲ, ನಾವೇ ಆರಿಸಿಕೊಂಡ ಸ್ನೇಹವೂ ಅಲ್ಲ. ಒಂದೇ ಮಾವನ ಕೈಯಲ್ಲಿ ಬೇರೆ ಬೇರೆ ಮುಹೂರ್ತಗಳಲ್ಲಿ ಕಾಲು ತೊಳೆಸಿಕೊಂಡ ಇಬ್ಬರು, ಅತ್ತೆ ಯಾರ ಎಲೆಗೆ ಎರಡನೆಯ ಸಲ ತುಪ್ಪ ಬಡಿಸಿದರು ಎಂಬುದನ್ನು ಆಮೇಲೆ ಬಹಳ ಕಾಲ ನೋಡಿಯೂ ನೋಡದ ಹಾಗೆ ನೋಡುತ್ತಿರುತ್ತಾರೆ. ನನ್ನ ಷಡ್ಡಕ ಶಿವಮಲ್ಲು ಗುಂಡ್ಲುಪೇಟೆಯಲ್ಲಿ ಹಿಟ್ಟಿನ ಮಿಲ್ಲು ಇಟ್ಟಿದ್ದಾನೆ. ನನಗಿಂತ ಎರಡು ವರ್ಷ ಚಿಕ್ಕವನು, ಎರಡು ಸುತ್ತು ದಪ್ಪ. ಮಾತು ಕಡಿಮೆ. ಆಡಿದರೆ ಇಡೀ ಬೀದಿಗೆ ಕೇಳುವಂತೆ ಆಡುತ್ತಾನೆ. ನಾನು ಚಾಮರಾಜನಗರದಲ್ಲಿದ್ದುಕೊಂಡು ಉಡಿಗಾಲದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೆಯ ತರಗತಿಗೆ 'ಶಬ್ದ' ಎಂಬ ಪಾಠವನ್ನು ಎಷ್ಟು ವರ್ಷದಿಂದ ಮಾಡುತ್ತಿದ್ದೇನೋ ನನಗೇ ಲೆಕ್ಕವಿಲ್ಲ. ಶಬ್ದದ ಬಗ್ಗೆ ಒಬ್ಬ ಮಿಲ್ಲಿನವನು ನನ್ನನ್ನು ಸೋಲಿಸುವುದೆಂದರೆ ಹೇಗಾಗಬೇಡ?

ಸೋಲಿಸಿದ್ದು ಹೀಗೆ. ಗುಂಡ್ಲುಪೇಟೆಯಲ್ಲಿ ನೆಂಟರ ಮಗುವಿಗೆ ನಾಮಕರಣವಿತ್ತು. ನನಗೆ ಪರೀಕ್ಷೆಯ ಕೆಲಸವಿದ್ದುದರಿಂದ ನನ್ನ ಹೆಂಡತಿ ಮಂಗಳ ಒಬ್ಬಳೇ ಬಸ್ಸಿನಲ್ಲಿ ಹೋಗಿದ್ದಳು. ಸಂಜೆ ಶಿವಮಲ್ಲು ತನ್ನ ಕಾರಿನಲ್ಲಿ ಅವಳನ್ನು ಕರೆತಂದು ಬಿಟ್ಟ. ನಾನು ಗೇಟಿನ ಹತ್ತಿರ ನಿಂತಿದ್ದೆ. ಕಾರು ತಿರುವಿನಲ್ಲಿ ಬರುವಾಗಲೇ ಹಾಡು ಕೇಳಿಸಿತು, ಹಳೆಯ ಭಾವಗೀತೆ. ಕಾರು ಹತ್ತಿರವಾದ ಮೇಲೆ ಆ ಹಾಡಿನ ಕೆಳಗೆ ಇನ್ನೊಂದು ದನಿ ಕೇಳಿಸಿತು. ಮುಂದಿನ ಸೀಟಿನಲ್ಲಿ ಕೂತು, ಗಾಜಿಗೆ ತಲೆಯೊರಗಿಸಿ, ಕಣ್ಣು ಮುಚ್ಚಿಕೊಂಡು ಮಂಗಳ ಹಾಡುತ್ತಿದ್ದಳು. ಮದುವೆಗೆ ಮುಂಚೆ ನಾಲ್ಕು ವರ್ಷ ಸಂಗೀತ ಕಲಿತವಳು ಅವಳು. ನನ್ನ ಕಾರಿನಲ್ಲಿ ಅವಳು ಹಾಡಿದ್ದು ನಾನು ಕೇಳಿಯೇ ಇರಲಿಲ್ಲ. ಕಣ್ಣು ಬಿಟ್ಟು, ನನ್ನನ್ನು ಕಂಡು, ನಿಲ್ಲಿಸಿಬಿಟ್ಟಳು.

ಒಳಗೆ ಬಂದು ಚೀಲ ಇಡುತ್ತಾ, "ಅವರ ಕಾರಲ್ಲಿ ಎದುರಿಗೇ ಕೂತ್ಕೊಂಡು ಹಾಡಿದಂಗೆ ಕೇಳ್ತದೆ ಕಣ್ರೀ. ಹೊಸ ಸ್ಪೀಕರಂತೆ" ಎಂದಳು.

ನನ್ನ ಕಾರಿನ ಸ್ಪೀಕರುಗಳು ಕಾರಿನಷ್ಟೇ ಹಳೆಯವು. ಎಂಥ ಗಾಯಕರೇ ಆಗಲಿ, ಅವುಗಳಲ್ಲಿ ಹಾಡಿದರೆ ಗಂಟಲಿಗೆ ಹುರಿಗಡಲೆ ಸಿಕ್ಕಿಕೊಂಡವರಂತೆ ಕೇಳುತ್ತಿತ್ತು. ಮಂಗಳ ಕಾರು ಹತ್ತಿದ ಕೂಡಲೇ ಆ ಕರಕರ ನಿಲ್ಲಿಸಿ ಎನ್ನುತ್ತಿದ್ದಳು. ನಿಲ್ಲಿಸುತ್ತಿದ್ದೆ. ಆಮೇಲೆ ಅವಳು ಕಿಟಕಿಯಾಚೆ ನೋಡುತ್ತಿದ್ದಳು, ನಾನು ರಸ್ತೆ ನೋಡುತ್ತಿದ್ದೆ. ಅದರಲ್ಲಿ ಏನಾದರೂ ಕೊರತೆಯಿದೆ ಎಂದು ಆ ಸಂಜೆಯವರೆಗೂ ನನಗೆ ಹೊಳೆದಿರಲಿಲ್ಲ.

ಕನ್ನಡದವರು ಈ ಬೇನೆಯನ್ನು ಹೊಟ್ಟೆಯಲ್ಲಿಟ್ಟಿದ್ದಾರೆ: ಹೊಟ್ಟೆಕಿಚ್ಚು, ಹೊಟ್ಟೆಯುರಿ. ಕಣ್ಣಿಗೆ ದೃಷ್ಟಿದೋಷ ಕೊಟ್ಟರು, ನಾಲಗೆಗೆ ಚಾಡಿ ಕೊಟ್ಟರು, ಕಿವಿಗೆ ಮಾತ್ರ ಹಿತ್ತಾಳೆ ಎಂಬೊಂದು ಬೈಗುಳ ಅಂಟಿಸಿ ಬಿಟ್ಟುಬಿಟ್ಟರು. ಹಳಗನ್ನಡದಲ್ಲಿ 'ಕರುಬು' ಎಂಬ ಸೊಗಸಾದ ಪದವೂ ಇದೆ. ಹಲ್ಲಿನ ಸಂದಿಯಲ್ಲಿ ಏನೋ ಕಡಿದ ಹಾಗೆ. ನನಗಾದದ್ದು ಅದೇ. ಕಿವಿಯಿಂದ ಒಳಗೆ ಹೋಯಿತು, ಹೊಟ್ಟೆಯಲ್ಲಿ ಕೂತಿತು, ಊಟಕ್ಕೆ ಕೂತಾಗ ಹಲ್ಲು ಕಡಿಸಿತು. ಸಾರು ಚೆನ್ನಾಗಿಲ್ಲವೇ ಎಂದು ಮಂಗಳ ಕೇಳಿದಳು.

ಮುಂದಿನ ಭಾನುವಾರ ಅರ್ಧ ಮೂಟೆ ರಾಗಿಯನ್ನು ಕಾರಿಗೆ ಹಾಕಿಕೊಂಡು ಗುಂಡ್ಲುಪೇಟೆಗೆ ಹೊರಟೆ. ಚಾಮರಾಜನಗರದಲ್ಲಿ ರಾಗಿ ಬೀಸುವವರಿಲ್ಲವೇ ಎಂದು ಮಂಗಳ ಕೇಳಿದ್ದಕ್ಕೆ, ಶಿವಮಲ್ಲುವಿನ ಹಿಟ್ಟು ನುಣ್ಣಗಿರುತ್ತದೆ ಎಂದೆ. ಅವನನ್ನು ನಾನು ಹೊಗಳಿದ್ದು ಅದೇ ಮೊದಲು. ಅವಳಿಗೆ ಅಲ್ಲೇ ಅನುಮಾನ ಬಂದಿರಬೇಕು. ಮಿಲ್ಲಿನ ಬಾಗಿಲಲ್ಲಿ ನಿಂತು ಎರಡು ಸಲ ಕೂಗಿದೆ. ಶಿವಮಲ್ಲು ಬೆನ್ನು ಹಾಕಿಕೊಂಡು ನಿಂತಿದ್ದ, ತಿರುಗಲಿಲ್ಲ. ಎಂಥ ಗತ್ತು ಅಂದುಕೊಂಡೆ. ಒಳ್ಳೆಯದೇ ಆಯಿತು. ಅವನ ಕಾರು ಹೊಂಗೆ ಮರದ ಕೆಳಗಿತ್ತು, ಕೀಲಿ ಅಲ್ಲೇ ನೇತಾಡುತ್ತಿತ್ತು. ಒಳಗೆ ಕೂತು, ಜೇಬಿನಲ್ಲಿ ತಂದಿದ್ದ ಶಾಲೆಯ ಅಡಿಪಟ್ಟಿಯಿಂದ ಬಾಗಿಲಿನ ಸ್ಪೀಕರಿನ ಜಾಲರಿಯನ್ನು ಅಳೆದೆ. ಆರೂವರೆ ಇಂಚು. ಹಾಡು ಹಾಕಿದೆ. ಆಗೊಂದು ವಿಚಿತ್ರ ಕಂಡಿತು. ಶಬ್ದವೆಲ್ಲ ಎಡಗಡೆಯ ಬಾಗಿಲಿನಿಂದಲೇ ಬರುತ್ತಿತ್ತು. ಬಲಗಡೆಯದು ಮೂಕ. ಪರದೆಯ ಮೇಲೆ ನೋಡಿದರೆ, ಎಡಬಲ ಹೊಂದಿಸುವ ಗುರುತನ್ನು ಪೂರ್ತಿ ಎಡಕ್ಕೆ ಎಳೆದಿಟ್ಟಿದ್ದ. ಗುಟ್ಟು ಇದರಲ್ಲೇ ಇದೆ ಅಂದುಕೊಂಡು ಚೀಟಿಯಲ್ಲಿ 'ಆರೂವರೆ, ಪೂರ್ತಿ ಎಡ' ಎಂದು ಬರೆದುಕೊಂಡೆ. ತಲೆಯೆತ್ತಿದರೆ ಕಿಟಕಿಯಲ್ಲಿ ಹಿಟ್ಟು ಮೆತ್ತಿದ ಶಿವಮಲ್ಲುವಿನ ಮುಖ. ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಅದಕ್ಕೇ ನೋಡುತ್ತಿದ್ದೆ ಎಂದೆ. ಅವನು ನಕ್ಕ. ಆ ನಗು ನನ್ನನ್ನು ತೆರಕಣಾಂಬಿ ದಾಟುವವರೆಗೂ ಸುಟ್ಟಿತು.

ನಮ್ಮೂರಿನಲ್ಲಿ ಕಾರಿನ ಸ್ಪೀಕರು ಕೂರಿಸುವವರು ಪಾಷಾ ಭಾಯ್. ನನ್ನ ಹಳೆಯ ಸ್ಪೀಕರು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದರು. ಒಳಗಿನ ಕಾಗದದ ಬಟ್ಟಲು ಗೆದ್ದಲು ತಿಂದ ಪುಸ್ತಕದಂತೆ ಅಂಚಿನಲ್ಲೆಲ್ಲ ಹರಿದಿತ್ತು. ಆರೂವರೆ ಇಂಚಿನದೇ ಇನ್ನೊಂದು ಜೊತೆ ಹಾಕಿದರೆ ಸಾಕು, ತೆಳ್ಳಗಿನದು ಸಿಗುತ್ತದೆ, ನಿಮ್ಮ ಗಾಡಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ ಎಂದರು. ನನಗೆ ಶಿವಮಲ್ಲುವಿನಷ್ಟೇ ಇರುವುದು ಸಾಕಾಗಲಿಲ್ಲ. ಕಪಾಟಿನಲ್ಲಿದ್ದ, ಹಿಂದುಗಡೆ ತೆಂಗಿನಕಾಯಿಯಷ್ಟು ದೊಡ್ಡ ಅಯಸ್ಕಾಂತವಿದ್ದ ಒಂದು ಜೊತೆಯನ್ನು ತೋರಿಸಿದೆ.

"ಅದು ಒಳ್ಳೇ ಮಾಲೇ ಸಾರ್. ನಿಮ್ ಡೋರ್‌ಗೆ ಒಳ್ಳೇದಲ್ಲ, ಅಷ್ಟೇ" ಎಂದರು ಪಾಷಾ ಭಾಯ್.

ಬಾಗಿಲಿನೊಳಗೆ ಕಿಟಕಿಯ ಗಾಜು ಇಳಿಯಲು ಜಾಗ ಬೇಕು. ಇಷ್ಟು ದಪ್ಪ ಅಯಸ್ಕಾಂತವಿಟ್ಟರೆ ಗಾಜು ಅದಕ್ಕೆ ತಗುಲಿ ಅರ್ಧದಲ್ಲೇ ನಿಲ್ಲುತ್ತದೆ. ಮರದ ಬಳೆಯೊಂದನ್ನು ಮಾಡಿಸಿ, ಸ್ಪೀಕರನ್ನು ಅದರ ಮೇಲೆ ಕೂರಿಸಿ ಈಚೆಗೆ ತರಬೇಕು, ಎರಡು ದಿನ ಗಾಡಿ ಬಿಡಿ ಎಂದರು. ಎರಡು ದಿನ ಎಲ್ಲಿಂದ ತರಲಿ? ಮಾರನೆಯ ದಿನ, ಭಾನುವಾರ, ಶಿವಮಲ್ಲುವನ್ನೂ ಅವನ ಹೆಂಡತಿ ರತ್ನನನ್ನೂ ಊಟಕ್ಕೆ ಕರೆದಿದ್ದೆ. ಊಟ ಮುಗಿಸಿ, ನನ್ನ ಕಾರಿನಲ್ಲಿ ಪುಣಜನೂರಿನ ಕಡೆ ಒಂದು ಸುತ್ತು ಎಂದು ನಿಶ್ಚಯವಾಗಿತ್ತು. ಗಾಜು ಇಳಿಯದಿದ್ದರೆ ಪರವಾಗಿಲ್ಲ, ಈಗಲೇ ಹಾಕಿ ಎಂದೆ. ಹಾಕಿದರು. ಶಬ್ದವನ್ನು ಪೂರ್ತಿ ಎಡಕ್ಕೆ ತಿರುಗಿಸಿ ಎಂದೂ ಹೇಳಿದೆ. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಮೇಷ್ಟರಲ್ಲವೇ, ಏನೋ ಇರಬೇಕು ಎಂದುಕೊಂಡು ತಿರುಗಿಸಿದರು.

ಭಾನುವಾರ ಹೆಂಗಸರಿಬ್ಬರೂ ಹಿಂದೆ, ಶಿವಮಲ್ಲು ನನ್ನ ಎಡಕ್ಕೆ ಮುಂದೆ. ಊರು ದಾಟಿದ ಮೇಲೆ ಹಾಡು ಹಾಕಿದೆ. ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಮಂಗಳ ಹಾಡುತ್ತಾಳೇನೋ ಎಂದು ಕನ್ನಡಿಯಲ್ಲಿ ನೋಡಿದೆ. ಅವಳು ತಂಗಿಯೊಡನೆ ಅವರೆಕಾಳಿನ ಬಗ್ಗೆ ಮಾತಾಡುತ್ತಿದ್ದಳು. ಶಿವಮಲ್ಲುವನ್ನು ಹೇಗಿದೆ ಎಂದು ಕೇಳಿದೆ. ಅವನು ನೇರವಾಗಿ ರಸ್ತೆಯನ್ನೇ ನೋಡುತ್ತಿದ್ದ. ಇನ್ನೊಮ್ಮೆ ಕೇಳಿದೆ. ಒಂದು ಮಾತು, 'ಚೆನ್ನಾಗಿದೆ' ಎಂಬ ಒಂದೇ ಒಂದು ಮಾತು ಹೇಳಿದರೆ ಇವನ ಮಿಲ್ಲು ಮುಳುಗುತ್ತದೆಯೇ ಎಂದು ಒಳಗೊಳಗೇ ಕುದಿಯುತ್ತಾ ಓಡಿಸಿದೆ. ಕಾಡಿನ ಚೆಕ್‌ಪೋಸ್ಟಿನಲ್ಲಿ ಗಾರ್ಡು ಬಂದು ಎಲ್ಲಿಗೆ ಎಂದು ಕೇಳಿದ. ಗಾಜು ಇಳಿಸಲು ಹೋದರೆ ನಾಲ್ಕು ಬೆರಳು ಇಳಿದು 'ಟಕ್' ಎಂದು ನಿಂತಿತು. ಆ ಸಂದಿಯಲ್ಲಿ ಮೂಗಿಟ್ಟು ಉತ್ತರ ಹೇಳಿದೆ. ಹಿಂದೆ ಅಕ್ಕತಂಗಿಯರು ನಕ್ಕರು.

ಪುಣಜನೂರಿನ ಹತ್ತಿರ ಟೀ ಕುಡಿಯಲು ಇಳಿದೆವು. ಹೆಂಗಸರು ಬೆಂಚಿನ ಮೇಲೆ ಕೂತರು. ಶಿವಮಲ್ಲು ನನ್ನ ಮೊಣಕೈ ಹಿಡಿದು ರಸ್ತೆಯ ಅಂಚಿಗೆ ಕರೆದುಕೊಂಡು ಹೋದ. ಹೋಗಿ, ನನ್ನ ಬಲಕ್ಕೆ ಬಂದು ನಿಂತ. ಅವನ ಎಡಗಿವಿ ನನ್ನ ಕಡೆಗಿತ್ತು. ನಾನು ಅವನಿಂದ ಎಂದೂ ಕೇಳದಿದ್ದಷ್ಟು ಮೆತ್ತಗಿನ ದನಿಯಲ್ಲಿ ಕೇಳಿದ:

"ಅಣ್ಣ, ನಿಂಗೂ ಬಲಗಿವಿ ಓಗ್ಬುಟ್ಟದಾ?"

ನನಗೆ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. ನನ್ನ ಕಾರಿನಲ್ಲೂ ಶಬ್ದವೆಲ್ಲ ಎಡಕ್ಕಿರುವುದನ್ನು ಕಂಡು ಅವನಿಗೆ ಹಾಗನ್ನಿಸಿತ್ತು. ಮೂವತ್ತು ವರ್ಷ ಮಿಲ್ಲಿನ ಸದ್ದಿನಲ್ಲಿ ನಿಂತು ಅವನ ಬಲಗಿವಿ ಹೆಚ್ಚುಕಡಿಮೆ ಹೋಗಿತ್ತು. ಎಡಗಿವಿಯೂ ಅದರ ಹಿಂದೆಯೇ ಹೊರಟಿತ್ತು. ಯಾರಿಗೂ ಹೇಳಿರಲಿಲ್ಲ.

"ಆಡೆಲ್ಲ ಮಂಕಾಗೋಯ್ತು ಕಣಣ್ಣ. ಸ್ಪೀಕರ್ ಕೆಟ್ಟದೆ ಅಂದ್ಕಂಡು ಬದಲಾಯಿಸ್ದೆ. ಸರಿಯೋಗ್ನಿಲ್ಲ, ಇನ್ನೊಂದು ಜೊತೆ ಆಕಿಸ್ದೆ. ಮೂರ್ನೇ ಜೊತೆ ಆಕಿಸ್ದಾಗ ಗೊತ್ತಾಯ್ತು, ಕೆಟ್ಟಿರೋದು ಸ್ಪೀಕರ್ ಅಲ್ಲ ಅಂತ."

ನಾನು ಹೊಟ್ಟೆಯುರಿದುಕೊಂಡದ್ದು ಆ ಮೂರನೆಯ ಜೊತೆಯನ್ನು ನೋಡಿ.

ಅವನ ಮುಖದಲ್ಲಿ ಒಂದು ಬಗೆಯ ನೆಮ್ಮದಿಯಿತ್ತು. ಜೊತೆಗೊಬ್ಬ ಸಿಕ್ಕಿದ ಎಂಬ ನೆಮ್ಮದಿ. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ, ಸುಳ್ಳು ಹೇಳಲೂ ಬರಲಿಲ್ಲ. ನನ್ನ ಕಿವಿ ಸರಿಯಾಗಿದೆಯೆಂದೂ, ಅವನ ಕಾರನ್ನು ಅಡಿಪಟ್ಟಿ ಹಿಡಿದು ಅಳೆದು ಎಲ್ಲವನ್ನೂ ಕಾಪಿ ಹೊಡೆದಿದ್ದೇನೆಂದೂ ಹೇಳಿಬಿಟ್ಟೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ದಡ್ಡ ಪಕ್ಕದವನ ತಪ್ಪನ್ನೂ ಸೇರಿಸಿ ಬರೆಯುತ್ತಾನಲ್ಲ, ಹಾಗೆ. ಶಿವಮಲ್ಲು ನನ್ನನ್ನೇ ನೋಡಿದ. ಆಮೇಲೆ ಟೀ ಚೆಲ್ಲುವಷ್ಟು ನಕ್ಕ. ನಗು ನಿಂತ ಮೇಲೆ, ರತ್ನನಿಗೆ ಹೇಳಬೇಡ ಎಂದ. ನಾನು ಹೇಳುವುದಿಲ್ಲ, ನೀನೇ ಹೇಳು, ಆಮೇಲೆ ಮೈಸೂರಿನ ಕಿವಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ.

ಅವನು ಹೇಳಲು ಮೂರು ವಾರ ತೆಗೆದುಕೊಂಡ. ಕೇಳಿದ ದಿನ ರತ್ನ ಮಂಗಳನಿಗೆ ಫೋನು ಮಾಡಿ ಬಹಳ ಹೊತ್ತು ಅತ್ತಳಂತೆ. "ಎರಡು ವರ್ಸದಿಂದ ಮಾತಾಡ್ಸುದ್ರೆ ತಿರುಗಿ ನೋಡ್ತಿರ್ನಿಲ್ಲ ಕಣಕ್ಕ. ನನ್ ಮೇಲೇನೋ ಮುನಿಸು ಅಂದ್ಕಂಡು ನಾನೂ ಮಾತು ಬುಟ್ಟಿದ್ದೆ" ಎಂದಳಂತೆ. ನಾನು ಗತ್ತು ಎಂದುಕೊಂಡದ್ದನ್ನು ಅವಳು ಮುನಿಸು ಎಂದುಕೊಂಡಿದ್ದಳು. ನಮ್ಮಿಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ.

ಆ ದಿನ ಧೈರ್ಯ ಮಾಡಿ ನಾನೂ ಮಂಗಳನನ್ನು ಕೇಳಿಯೇಬಿಟ್ಟೆ. ಅಂದು ಅವನ ಕಾರಿನಲ್ಲಿ ಹಾಡಿದವಳು, ಹೊಸ ಸ್ಪೀಕರು ಹಾಕಿಸಿದ ಮೇಲೂ ನನ್ನ ಕಾರಿನಲ್ಲಿ ಯಾಕೆ ಹಾಡುವುದಿಲ್ಲ ಎಂದು. ಅವಳು ಕಾಳು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹಾಡಿದ್ನಲ್ಲ ಮನೇಲಿ, ಮದುವೆಯಾದ ಹೊಸದ್ರಲ್ಲಿ. ಎರಡನೇ ಚರಣದಲ್ಲಿ ತಿರುಗಿ ನೋಡಿ ಪದ ತಪ್ಪು ಅಂದ್ರಿ. ಶಿವಮಲ್ಲು ಹಂಗೆಲ್ಲ ತಿರುಗಿ ನೋಡ್ಲಿಲ್ಲ, ಅದಕ್ಕೇ ಹಾಡ್ಕೊಂಡೆ."

ತಪ್ಪು ತಿದ್ದುವುದು ನನ್ನ ಕಸುಬು. ಕೆಂಪು ಶಾಯಿಯ ಪೆನ್ನು ಮನೆಗೂ ಬಂದಿತ್ತು ಎಂದು ನನಗೆ ಗೊತ್ತಿರಲಿಲ್ಲ. ಆ ಹಾಡು ಯಾವುದೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೇಳಲು ಮುಖವಿರಲಿಲ್ಲ. ಪಾಷಾ ಭಾಯ್ ಹತ್ತಿರ ಹೋಗಿ ಮರದ ಬಳೆ ಹಾಕಿಸಿದೆ. ಗಾಜಾದರೂ ಇಳಿಯಲಿ ಎಂದು.

ಮೈಸೂರಿನ ಕಿವಿ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಎರಡನೆಯ ಸಲ ಹೋದಾಗ ಶಿವಮಲ್ಲುವಿನ ಎರಡೂ ಕಿವಿಗೆ ಕಡಲೆಬೀಜದಷ್ಟು ದೊಡ್ಡ ಯಂತ್ರ ಕೂರಿಸಿದರು. ಮಿಲ್ಲಿನಲ್ಲಿ ನಿಲ್ಲುವಾಗ ಇವನ್ನು ತೆಗೆದು ಕಿವಿ ಮುಚ್ಚಿಕೊಂಡೇ ನಿಲ್ಲಬೇಕು ಎಂದು ಹೇಳಿ ಕಳಿಸಿದರು. ಕಾರು ಹತ್ತಿ ನಾನು ಹಾಡು ಹಾಕಲು ಕೈ ಚಾಚಿದೆ. ಶಿವಮಲ್ಲು ಬೇಡ ಎಂದು ತಡೆದ. ನಂಜನಗೂಡು ದಾಟಿದೆವು. ಅಲ್ಲಿಂದ ಮುಂದೆ ಒಂದು ಲಾರಿಗೆ ದಾರಿ ಬಿಡಲು ನಾನು ಎಡಗಡೆಯ ಇಂಡಿಕೇಟರ್ ಹಾಕಿದೆ. ಅವನು ತಟ್ಟನೆ ನೆಟ್ಟಗಾದ.

"ಅಣ್ಣ, ಅದೇನು ಟಿಕ್ ಟಿಕ್ ಅಂತದೆ?"

ಇಂಡಿಕೇಟರ್ ಎಂದೆ. ಇದು ಎಲ್ಲ ಕಾರಿನಲ್ಲೂ ಇರುತ್ತದೆಯೇ ಎಂದು ಕೇಳಿದ. ಎಲ್ಲದರಲ್ಲೂ ಇರುತ್ತದೆ, ನಿನ್ನದರಲ್ಲೂ ಇದೆ ಎಂದೆ. ಅವನು ಮುಂದಕ್ಕೆ ಬಾಗಿ, ಬಾಯಿ ಸ್ವಲ್ಪ ತೆರೆದು, ಎಳೆ ಮಗು ಗಿಲಕಿ ಕೇಳುವ ಹಾಗೆ ಕೇಳಿದ. ನನಗೆ ಎರಡು ಕಿವಿಯೂ ಇವೆ, ಶಬ್ದದ ಪಾಠ ಬಾಯಿಪಾಠವಿದೆ, ಹನ್ನೆರಡು ವರ್ಷದಿಂದ ಆ ಇಂಡಿಕೇಟರ್ ನನ್ನ ಪಕ್ಕದಲ್ಲೇ ಬಡಿದುಕೊಳ್ಳುತ್ತಿದೆ. ಒಂದು ದಿನವೂ ಅದು ನನಗೆ ಅಷ್ಟು ಚೆನ್ನಾಗಿ ಕೇಳಿಸಿದ್ದಿಲ್ಲ. ನಿಜ ಹೇಳಬೇಕೆಂದರೆ, ಸ್ಪೀಕರು ಕಂಡಾಗ ಆದದ್ದಕ್ಕಿಂತ ಹೆಚ್ಚಿನ ಹೊಟ್ಟೆಕಿಚ್ಚು ಆಗಲೇ ಆಯಿತು.

ಲಾರಿ ಮುಂದೆ ಹೋಯಿತು. ನಾನು ಇಂಡಿಕೇಟರ್ ಆರಿಸಿದೆ.

"ಇನ್ನೊಸಿ ಒತ್ತು ಇರ್ಲಿ ಬುಡಣ್ಣ" ಎಂದ.

ಮತ್ತೆ ಹಾಕಿದೆ. ಹಿಂದಿನ ಬಸ್ಸಿನವನು ಹಾರ್ನು ಹೊಡೆದ. ಬೈಕಿನವನೊಬ್ಬ ಪಕ್ಕಕ್ಕೆ ಬಂದು, ಎತ್ತಲಾಗೆ ಹೋಗುತ್ತೀರಿ ಎಂದು ಕೈಯಲ್ಲೇ ಕೇಳಿ, ತಲೆಯಾಡಿಸಿಕೊಂಡು ಮುಂದೆ ಹೋದ. ನೆಟ್ಟಗಿನ ರಸ್ತೆಯಲ್ಲಿ, ಬೇಗೂರು ದಾಟುವವರೆಗೂ, ನಾನು ಎಡಕ್ಕೆ ತಿರುಗುತ್ತಲೇ ಇದ್ದೆ.